ಶಕ್ತಿಯನ್ನರಿತ ತಪಸ್ಸು



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಮಳೆ ಇನ್ನೂ ಬಿಡದಿರುವಾಗ ಬರುತ್ತದೆ. ಕುಮಾರಧಾರೆ, ಪಯಸ್ವಿನಿಗಳು ಕೆಂಪಾಗಿ ಹರಿದು, ತೋಟದ ಬಾವಿಗಳು ತುಂಬಿ ಕದಡಿರುವ ಕಾಲವದು. ಮನಸ್ಸು ಉಪವಾಸಕ್ಕೆ ಹದಗೊಳ್ಳುವ ಈ ಋತುವಿನಲ್ಲಿಯೇ ವಾಂತಿ, ಭೇದಿ, ಕಾಮಾಲೆಗಳೂ ಮನೆಬಾಗಿಲಿಗೆ ಬರುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದ ಶ್ರಾವಿಕೆಯೋರ್ವರು ಹತ್ತು ದಿನಗಳ ಉಪವಾಸವನ್ನು ಕೈಗೊಂಡಿದ್ದರು. ಆರನೆಯ ದಿನ ಮೂತ್ರವು ಕಡುಹಳದಿಯಾಯಿತು. ನೀರು ಸಾಲದೆ ಹಾಗಾಗಿದೆಯೆಂದು ನಾವೆಲ್ಲರೂ ಭಾವಿಸಿದೆವು. ಎಂಟನೆಯ ದಿನ ಕಣ್ಣಿನ ಬಿಳಿಭಾಗವೇ ಹಳದಿಯಾದುದನ್ನು ಕನ್ನಡಿಯಲ್ಲಿ ಕಂಡರೂ ವ್ರತಭಂಗದ ಭಯದಿಂದ ಅವರು ಯಾರಿಗೂ ತಿಳಿಸಲಿಲ್ಲ. ಪಾರಣೆಯ ಮುಂಜಾನೆ ಎಚ್ಚರದಪ್ಪಿ ಬಿದ್ದರು. ಪ್ರಾಣ ಉಳಿಯಿತು, ಆದರೆ ಎರಡು ತಿಂಗಳು ಹಾಸಿಗೆಯೇ ಗತಿಯಾಯಿತು. ದಿನ ದಿನವೂ ಅವರನ್ನು ಹೊಗಳಿದ ನಮ್ಮ ನಾಲಗೆಗಳೂ ಆ ದೋಷದಲ್ಲಿ ಪಾಲುದಾರರೆಂದೇ ನಾನು ತಿಳಿದಿದ್ದೇನೆ.

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೊಂದಿದೆ. ಶಕ್ತಿಗನುಸಾರವಾಗಿ ತಪಸ್ಸು ಎಂದು ಅದರರ್ಥ. ಶಕ್ತಿಯನ್ನು ಬಚ್ಚಿಡುವುದು ಹೇಗೆ ತಪ್ಪೋ, ಅಶಕ್ತಿಯನ್ನು ಬಚ್ಚಿಡುವುದೂ ಹಾಗೆಯೇ ತಪ್ಪು. ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಜೈನ ಮುನಿಗಳೇ. ವೈದ್ಯವು ಧರ್ಮಕ್ಕೆ ಹೊರತಾದುದಲ್ಲ.

ಆದುದರಿಂದ ದೇಹದ ಮಾತನ್ನು ಕೇಳಲು ಕಲಿಯೋಣ. ಎದೆಯುರಿ, ಹುಳಿತೇಗುಗಳು ಆಮ್ಲಪಿತ್ತದ ಲಕ್ಷಣಗಳು. ಹಸಿದಾಗ ಹೊಟ್ಟೆಯ ಮೇಲ್ಭಾಗ ಕೊರೆದಂತೆ ನೋಯುವುದು ಹುಣ್ಣಿನ ಸೂಚನೆಯಾಗಿರಬಹುದು. ನೋವಿನ ಮಾತ್ರೆಗಳನ್ನು ಬಹುಕಾಲ ನುಂಗುವವರಲ್ಲಿ ಇದು ಹೆಚ್ಚು. ಮಲವು ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು. ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಉಂಡ ಬಳಿಕ ಬಲಪಕ್ಕೆಯ ಕೆಳಗೆ ತೀವ್ರವಾದ ನೋವೆದ್ದರೆ ಪಿತ್ತಕೋಶದ ಕಲ್ಲನ್ನು ಶಂಕಿಸಬೇಕು. ದೀರ್ಘ ಉಪವಾಸವು ಅಂತಹ ಕಲ್ಲುಗಳಿಗೆ ಆಸ್ಪದ ಕೊಡುತ್ತದೆ.

ಕಣ್ಣು ಹಳದಿ, ಮೂತ್ರ ಕಡುಬಣ್ಣ, ಅನ್ನವೆಂದರೆ ಓಕರಿಕೆ – ಇವು ಕಾಮಾಲೆಯ ಗುರುತುಗಳು. ನಮ್ಮಲ್ಲಿ ಕೂಡಲೇ ನೆಲನೆಲ್ಲಿಯನ್ನು ಅರೆದು ಕುಡಿಸುವುದು ರೂಢಿ. ನೀರಿನಿಂದ ಬರುವ ಕಾಮಾಲೆಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಕೀರ್ತಿಯು ಮದ್ದಿಗೆ ಸಲ್ಲುತ್ತದೆ. ಆದರೆ ಕಲ್ಲಿನಿಂದ ಪಿತ್ತನಾಳ ಕಟ್ಟಿದಾಗಲೂ ಕಣ್ಣು ಹೀಗೆಯೇ ಹಳದಿಯಾಗುತ್ತದೆ. ಅದು ಸೊಪ್ಪಿನ ರಸಕ್ಕೆ ಬಗ್ಗದು. ರಕ್ತಪರೀಕ್ಷೆ ಹಾಗೂ ಸ್ಕ್ಯಾನಿಂಗ್‌ನಿಂದಲೇ ಭೇದ ತಿಳಿಯಬೇಕು. ಗರ್ಭಿಣಿಯರಂತೂ ಒಂದು ದಿನವೂ ತಡಮಾಡಲಾಗದು.

ಇನ್ನು ನೀರಿನ ವಿಚಾರ. ನೀರನ್ನು ಬಟ್ಟೆಯಲ್ಲಿ ಸೋಸುವುದು ನಮ್ಮ ಅಹಿಂಸೆಯ ಮೊದಲ ಪಾಠ. ಆದರೆ ಕಾಮಾಲೆಯ ವೈರಾಣುವು ಎಷ್ಟು ಮಡಿಕೆಯ ಬಟ್ಟೆಯಿಂದಲೂ ನುಸುಳಿಬರುತ್ತದೆ. ಸೋಸಿದ ನೀರನ್ನು ಚೆನ್ನಾಗಿ ಕುದಿಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿರಿ. ಸೋಸಿದ ನೀರಿಗೆ ಒಂದು ಮುಹೂರ್ತ, ಕುದಿಸಿದ ನೀರಿಗೆ 24 ಗಂಟೆ ಎಂಬ ನಮ್ಮ ಹಿರಿಯರ ಮರ್ಯಾದೆಯು ಇಂದಿಗೂ ಉಪಯುಕ್ತವೇ ಆಗಿದೆ.

ಯಕೃತ್ತು ಗಡುಸುಗಟ್ಟಿದ ರೋಗಿಗಳಿಗೆ ದೀರ್ಘಕಾಲದ ಹಸಿವು ಹಾನಿಕರ. ಮಲಗುವ ಮುನ್ನ ಲಘುವಾಗಿ ಉಣ್ಣಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿಭೋಜನವನ್ನು ತ್ಯಜಿಸಿದವರಿಗೆ ಇದು ಧರ್ಮಸಂಕಟ. ಅಂಥವರು ತಮ್ಮ ನಿಯಮವನ್ನು ವೈದ್ಯರಿಗೆ, ರೋಗವನ್ನು ಗುರುಗಳಿಗೆ ಮುಚ್ಚಿಡದೆ ನಿವೇದಿಸಲಿ. ಸೂರ್ಯಾಸ್ತದ ಸಮೀಪದಲ್ಲಿ ಒಮ್ಮೆ, ಸೂರ್ಯೋದಯದ ಬಳಿಕ ಬೇಗನೆ ಒಮ್ಮೆ ಉಣ್ಣುವುದರಿಂದ ನಡುವಣ ಅಂತರವು ಕಿರಿದಾದೀತು. ಅದು ಸಾಲದೆಂದು ವೈದ್ಯರು ಹೇಳಿದರೆ ಗುರುಗಳ ಅಪ್ಪಣೆಯಂತೆ ನಡೆಯಲಿ.

ಅನಶನವು ಬಾಹ್ಯತಪಗಳು ಆರರಲ್ಲಿ ಒಂದು ಮಾತ್ರ. ಉಪವಾಸವಿರಲಾರದವನಿಗೆ ಒಂದೆರಡು ತುತ್ತು ಕಡಿಮೆ ಉಣ್ಣುವ ಅವಮೌದರ್ಯವಿದೆ. ತುಪ್ಪ, ಬೆಲ್ಲ, ಕರಿದ ತಿಂಡಿಗಳನ್ನು ಬಿಡುವ ರಸಪರಿತ್ಯಾಗವಿದೆ. ಮದ್ಯವನ್ನು ಮುಟ್ಟದವರ ಯಕೃತ್ತಿನಲ್ಲೂ ಕೊಬ್ಬು ತುಂಬುತ್ತಿರುವ ಈ ಕಾಲದಲ್ಲಿ ರಸಪರಿತ್ಯಾಗವು ಔಷಧಕ್ಕೆ ಸಮಾನ. ರೋಗಿಯ ಬಳಿ ಕುಳಿತು ಮಾಡುವ ವೈಯಾವೃತ್ಯವಂತೂ ಅಂತರಂಗತಪಗಳ ಸಾಲಿನಲ್ಲಿಯೇ ಎಣಿಕೆಯಾಗಿದೆ.

ಈ ಪರ್ವದಲ್ಲಿ ನಿಮ್ಮ ಮನೆಯ ವ್ರತಿಕರನ್ನು ‘ಎಷ್ಟನೆಯ ದಿನ?’ ಎಂದು ಕೇಳುವುದಕ್ಕೆ ಮೊದಲು ಅವರ ಕಣ್ಣುಗಳನ್ನು ಬೆಳಕಿನಲ್ಲಿ ಒಮ್ಮೆ ನೋಡಿರಿ. ಹಳದಿ ಕಂಡರೆ, ‘ನಿಮ್ಮ ವ್ರತ ಮುರಿಯಲಿಲ್ಲ, ಅದರ ರೂಪ ಬದಲಾಯಿತು’ ಎಂದು ಧೈರ್ಯ ಹೇಳಿ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಸರ್ವರಿಗೂ ಶುಭವಾಗಲಿ. ಜಯ ಜಿನೇಂದ್ರ.