ಮಲಗಿದ್ದವರು ಯಾರು?

ಕಾನೂನು ಎಚ್ಚರವಾಗಿದ್ದವರ ಕೈ ಹಿಡಿಯುತ್ತದೆ, ಮಲಗಿದವರ ಕೈಯನ್ನಲ್ಲ. ಇದು ಲ್ಯಾಟಿನ್ನಿನ ಹಳೇ ಮಾತು. ಲ್ಯಾಟಿನ್ ಮಾತಾಡಿಕೊಂಡು ಸಂತೆಗೆ ಹೋಗುವ ಜನ ಈಗ ಭೂಮಿ ಮೇಲೆ ಎಲ್ಲೂ ಇಲ್ಲ. ಮಾತಾಡುವವರು ಹೋದರೂ ಮಾತು ಹೋಗಲಿಲ್ಲ. ಅದು ರೋಮಿನಿಂದ ಇಂಗ್ಲೆಂಡಿಗೆ ಬಂತು, ಇಂಗ್ಲೆಂಡಿನಿಂದ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು, ಬಂದು ನಮ್ಮ ಎ.ಸಿ. ಕೋರ್ಟಿನ ಕಟಕಟೆಯಲ್ಲಿ ಕೂತಿದೆ. ಕೇರಿಯವನು ಯಾವತ್ತು ಜಮೀನು ಕೇಳಿಕೊಂಡು ಬರುತ್ತಾನೋ ಆವತ್ತು ಅದು ಎದ್ದು ನಿಂತು ಕೇಳುತ್ತದೆ: ಇಷ್ಟು ವರ್ಷ ಮಲಗಿದ್ದೆಯೇನೋ?

ನಾನು ಕಪ್ಪು ಕೋಟು ಹಾಕಿ ಮೂರು ವರ್ಷ ಆಯಿತು. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪದ್ಯ ಬರೀತೀನಿ. ಪದ್ಯದಿಂದ ಹೊಟ್ಟೆ ತುಂಬೋದಿಲ್ಲ ಅಂತ ವಕಾಲತ್ತೂ ಬರೀತೀನಿ. ಬೆಳಿಗ್ಗೆ ವಕೀಲರ ಸಂಘದ ಕೊಠಡಿಯಲ್ಲಿ ಪೇಪರು ಓದೋದು, ದೆಹಲಿಯಲ್ಲಿ ಏನು ತೀರ್ಪಾಯಿತು, ಬೆಂಗಳೂರಲ್ಲಿ ಏನಾಯಿತು ಅಂತ ಹಿರಿಯರು ಮಾತಾಡೋದನ್ನ ಕೇಳೋದು, ಆಮೇಲೆ ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತಿರುವ ಜನರ ಮುಖ ನೋಡೋದು. ಪೇಪರಿನ ಸುದ್ದಿಗೂ ಆ ಮುಖಗಳಿಗೂ ನಡುವೆ ಇರುವ ದೂರವೇ ನನ್ನನ್ನು ಈ ಲೇಖನ ಬರೆಯೋಕೆ ಹಚ್ಚಿದ್ದು.

ದರಖಾಸ್ತು ಜಮೀನಿನ ಕತೆ ನಿಮಗೆ ಗೊತ್ತಿರೋದೇ. ಸರ್ಕಾರ ಹೊಲೆಯರಿಗೆ, ಮಾದಿಗರಿಗೆ ಎಕರೆ ಎರಡೆಕರೆ ಕೊಟ್ಟಿತು, ಇಷ್ಟು ವರ್ಷ ಮಾರಬಾರದು, ಕೆಲವು ಕಡೆ ಎಂದೆಂದಿಗೂ ಮಾರಬಾರದು ಅಂತ ಷರತ್ತು ಹಾಕಿ. ಷರತ್ತು ಕಾಗದದಲ್ಲಿ ಉಳೀತು, ಜಮೀನು ಕೈ ಬಿಟ್ಟುಹೋಯಿತು. ದೇವರಾಜ ಅರಸರ ಸರ್ಕಾರ 1978ರಲ್ಲಿ ಒಂದು ಕಾಯ್ದೆ ತಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ ಆ ಮಾರಾಟವೇ ಅಸಿಂಧು, ಜಮೀನು ವಾಪಸ್ಸು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ. ಪಿಟಿಸಿಎಲ್ ಕಾಯ್ದೆ ಅಂತ ಈಗ ಕೇರಿಯ ಎಳೆ ಮಕ್ಕಳಿಗೂ ಆ ಹೆಸರು ಗೊತ್ತು. 1979ರ ಜನವರಿ 1ರಿಂದ ಜಾರಿಯಾಯಿತು. ಕೊಂಡವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಮಂಚೇಗೌಡರ ಪ್ರಕರಣದಲ್ಲಿ 1984ರಲ್ಲಿ ಆ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು.

ಆ ಕಾಯ್ದೆಯಲ್ಲಿ ಎಷ್ಟು ವರ್ಷದೊಳಗೆ ಅರ್ಜಿ ಕೊಡಬೇಕು ಅಂತ ಬರೆದಿರಲಿಲ್ಲ. ಬರೆಯದೆ ಬಿಟ್ಟದ್ದು ಮರೆತು ಅಂತ ನಾನು ನಂಬೋದಿಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟು, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿದ್ದರೂ ಅರ್ಜಿ ಸಮಂಜಸ ಕಾಲದಲ್ಲಿ ಬರಬೇಕು ಅಂದಿತು. ಎರಡು ದಶಕ ದಾಟಿದ ತಡವನ್ನು ಅದು ಒಪ್ಪಲಿಲ್ಲ. ಅಷ್ಟೇ ಸಾಕಾಯಿತು. ತಾಲ್ಲೂಕು ತಾಲ್ಲೂಕಿನಲ್ಲಿ ಅರ್ಜಿಗಳು ವಜಾ ಆಗತೊಡಗಿದವು. ಗೆದ್ದು ಪಹಣಿಯಲ್ಲಿ ಹೆಸರು ಕೂರಿಸಿಕೊಂಡವರೂ ಮೇಲಿನ ಕೋರ್ಟಿನಲ್ಲಿ ಸೋತರು. ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಈ ಅರ್ಜಿಗೆ ಕಾಲಮಿತಿ ಇಲ್ಲ, ಬಾಕಿ ಇರುವ ಕೇಸುಗಳಿಗೂ ಇದು ಅನ್ವಯ ಅಂತ ಬರೆಯಿತು. ಕೇರಿಯಲ್ಲಿ ಪಟಾಕಿ ಹೊಡೆದರು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು: ಕಾಲಮಿತಿ ಬೇರೆ, ತಡ ಬೇರೆ. ಕಾಲಮಿತಿ ತೆಗೆದಿರಬಹುದು, ವಿಪರೀತ ತಡವನ್ನು ನಾವು ನೋಡಲೇಬೇಕು.

ಈ ಸುದ್ದಿ ಬಂದ ದಿನ ನಮ್ಮ ಸಂಘದ ಕೊಠಡಿಯಲ್ಲಿ ಹಿರಿಯರೊಬ್ಬರು ಬಹಳ ಮೆಚ್ಚಿ ತಲೆಯಾಡಿಸಿದರು. ಎಷ್ಟು ಸೂಕ್ಷ್ಮ ನೋಡ್ರಯ್ಯಾ ಅಂದರು. ಸೂಕ್ಷ್ಮವೇ ಹೌದು. ನಮ್ಮ ಜನರಿಗೆ ಯಾವಾಗಲೂ ಸೂಕ್ಷ್ಮದಲ್ಲೇ ಏಟು ಬೀಳೋದು.

ಒಬ್ಬ ಅಜ್ಜಿಯ ಕೇಸು ಹೇಳ್ತೀನಿ. ಮಾವನ ಹೆಸರಿಗೆ ಎರಡೆಕರೆ ಹತ್ತು ಗುಂಟೆ ಮಂಜೂರಾಗಿತ್ತು. 1968ರಲ್ಲಿ ಕ್ರಯ ಆಗಿದೆ. ಕ್ರಯಪತ್ರ ನಾನು ಓದಿದೆ. 'ನನ್ನ ಕುಟುಂಬದ ಅಡಚಣೆ ನಿಮಿತ್ತ, ಯಾರ ಬಲವಂತವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ, ಓದಿ ಹೇಳಲಾಗಿ ಕೇಳಿ ಒಪ್ಪಿ' ಅಂತ ಮುತ್ತಿನಂಥ ಅಕ್ಷರ. ಕೆಳಗೆ ಒಂದು ಹೆಬ್ಬೆಟ್ಟು. ಪತ್ರ ಬರೆದವನು ಊರಿನವನು, ಸಾಕ್ಷಿ ಹಾಕಿದವರಿಬ್ಬರೂ ಕೊಂಡವನ ನೆಂಟರು, ಓದಿ ಹೇಳಿದವನು ಯಾರೋ ದೇವರಿಗೇ ಗೊತ್ತು. ಆ 'ಸ್ವಂತ ಇಚ್ಛೆ' ಅನ್ನೋ ಪದ ಹೆಬ್ಬೆಟ್ಟಿನವನ ನಾಲಿಗೆ ಮೇಲೆ ಯಾವತ್ತಾದರೂ ಬಂದಿತ್ತೇ? ಅವನಿಗೆ ಇಚ್ಛೆ ಅನ್ನೋದೊಂದು ಇದೆ ಅಂತ ಊರು ಒಪ್ಪಿಕೊಂಡದ್ದು ಬಹುಶಃ ಆ ಒಂದೇ ದಿನ, ಆ ಒಂದೇ ಕಾಗದದಲ್ಲಿ. ಮಾರಿದ ಮೇಲೂ ಅವನ ಮಗ, ಅಂದರೆ ಈ ಅಜ್ಜಿಯ ಗಂಡ, ಕೊಂಡವನ ಮನೆಯಲ್ಲೇ ಜೀತಕ್ಕಿದ್ದ. ಅದೇ ಜಮೀನನ್ನು ಉತ್ತ.

ಸಾಗುವಳಿ ಚೀಟಿ ಮನೆಯ ತಗಡಿನ ಪೆಟ್ಟಿಗೆಯಲ್ಲಿತ್ತು. ಅದನ್ನು ಓದಬಲ್ಲವನು ಆ ಮನೆಯಲ್ಲಿ ಹುಟ್ಟೋಕೆ ಎರಡು ತಲೆಮಾರು ಬೇಕಾಯಿತು. ಮೊಮ್ಮಗ ಹೈಸ್ಕೂಲಿಗೆ ಹೋದವನು ಜಾತಿ ಸರ್ಟಿಫಿಕೇಟು ಹುಡುಕುವಾಗ ಚೀಟಿ ಸಿಕ್ಕಿತು, ಓದಿದ. ಅರ್ಜಿ ಬಿತ್ತು.

ವಿಚಾರಣೆ ದಿನ ಎದುರು ಪಾರ್ಟಿ ವಕೀಲರು ಅದೇ ಲ್ಯಾಟಿನ್ ಮಾತು ಹೇಳಿದರು, ಕನ್ನಡದಲ್ಲಿ ಅರ್ಥವನ್ನೂ ಬಿಡಿಸಿ ಹೇಳಿದರು. ಅಜ್ಜಿ ಕಿವಿಗೊಟ್ಟು ಕೇಳಿಸಿಕೊಂಡಿತು. ಹೊರಗೆ ಬಂದ ಮೇಲೆ ನನ್ನನ್ನ ಕೇಳಿತು:

"ಅದೇನು ಮಗಾ, ನಾವು ಮಲ್ಗಿದ್ವಂತಾ?"

"ಹಂಗಂತಾರೆ ಅಜ್ಜಿ."

"ಎಲ್ಲಿ ಮಲ್ಗಿದ್ದ ನನ್ ಗಂಡ? ಅವ್ರ ತೋಟಕ್ಕೆ ರಾತ್ರಿಯೆಲ್ಲಾ ನೀರು ಕಟ್ತಿದ್ನಲ್ಲ. ಕರೆಂಟು ರಾತ್ರಿಗೇ ತಾನೆ ಕೊಡ್ತಿದ್ದುದು. ಅವ್ರೇ ಮಲ್ಗಿದ್ರು."

ನಾನು ಓದಿದ ಯಾವ ಕಾನೂನು ಪುಸ್ತಕದಲ್ಲೂ ಈ ಮಾತಿಗೆ ಉತ್ತರ ಇಲ್ಲ.

ಕಾಲ ಅನ್ನೋದು ಎಲ್ಲರಿಗೂ ಒಂದೇ ಅಂತ ನಾವು ಅಂದುಕೊಂಡಿದ್ದೇವೆ. ಗಡಿಯಾರಕ್ಕೆ ಜಾತಿ ಇಲ್ಲ ಅನ್ನುತ್ತೇವೆ. ಕೋರ್ಟಿನಲ್ಲಿ ನಾಲ್ಕು ದಿನ ಕೂತು ನೋಡಿ. ಒಂದೇ ಹಾಲು ಒಬ್ಬರ ಮನೆಯಲ್ಲಿ ಹೆಪ್ಪುಗಟ್ಟಿ ಮೊಸರಾಗುತ್ತದೆ, ಇನ್ನೊಬ್ಬರ ಮನೆಯಲ್ಲಿ ಒಡೆದು ನಾರುತ್ತದೆ. ಕಾಲವೂ ಹಾಗೆ. ಬೇರೆಯವರ ಜಮೀನಿನಲ್ಲಿ ಹನ್ನೆರಡು ವರ್ಷ ಬಹಿರಂಗವಾಗಿ, ಯಜಮಾನನಿಗೆ ಎದುರಾಗಿ ಕೂತರೆ ಕಾನೂನು ಅದನ್ನ ಪ್ರತಿಕೂಲ ಸ್ವಾಧೀನ ಅಂತ ಕರೆದು ಹಕ್ಕು ಕೊಡುತ್ತದೆ. ಹೊತ್ತು ಹೋದಷ್ಟೂ ಕೂತವನ ಹಕ್ಕು ಬಲಿಯುತ್ತದೆ, ಕಳಕೊಂಡವನ ಹಕ್ಕು ಕೊಳೆಯುತ್ತದೆ. ಒಂದೇ ಹೊತ್ತು.

ಮಹಾಡಿನ ಚವದಾರ್ ಕೆರೆಯ ಕೇಸು ನೆನಪಿಸಿಕೊಳ್ಳಿ. 1927ರಲ್ಲಿ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿ ಆ ಕೆರೆಯ ನೀರು ಕುಡಿದರು. ಸವರ್ಣೀಯರು ಸಿವಿಲ್ ದಾವೆ ಹಾಕಿದರು. ಅವರ ವಾದ ಏನು? ಅನಾದಿ ಕಾಲದಿಂದ ಅಸ್ಪೃಶ್ಯರು ಈ ನೀರು ಮುಟ್ಟಿಲ್ಲ, ಅದೇ ರೂಢಿ, ರೂಢಿಯೇ ಹಕ್ಕು. ಅಂದರೆ ನೂರಾರು ವರ್ಷ ಮಾಡಿದ ಅನ್ಯಾಯವೇ ಆ ಅನ್ಯಾಯಕ್ಕೆ ದಾಖಲೆ! ಬಾಂಬೆ ಹೈಕೋರ್ಟು 1937ರ ಮಾರ್ಚ್ 17ರಂದು ಆ ವಾದವನ್ನು ತಳ್ಳಿಹಾಕಿತು, ಅನಾದಿ ಕಾಲದ ರೂಢಿ ರುಜುವಾತಾಗಿಲ್ಲ ಅಂತ. ಹತ್ತು ವರ್ಷ ಹಿಡಿಯಿತು. ಗೆದ್ದದ್ದು ನಿಜ. ಆದರೆ ಗಮನಿಸಿ, ಅನ್ಯಾಯ ಎಷ್ಟೇ ಹಳೆಯದಾದರೂ ಹಕ್ಕಾಗಲಾರದು ಅಂತ ಗೆದ್ದದ್ದಲ್ಲ. ಅಷ್ಟು ಹಳೆಯದು ಅಂತ ಅವರಿಗೆ ತೋರಿಸಲಾಗಲಿಲ್ಲ, ಅದಕ್ಕೇ ಗೆದ್ದದ್ದು. ಅಕಸ್ಮಾತ್ ತೋರಿಸಿಬಿಟ್ಟಿದ್ದರೆ?

ಇಷ್ಟು ಹೇಳಿ ಕಾಲಮಿತಿ ಕಾನೂನೇ ಬೇಡ ಅಂದುಬಿಡಬಹುದಿತ್ತು. ಅದು ಸುಲಭದ ಮಾತು, ಭಾಷಣಕ್ಕೆ ಸರಿ. ಆದರೆ ನಮ್ಮವರನ್ನು ಇದೇ ಕಾನೂನು ಕಾಪಾಡಿದ್ದನ್ನೂ ನಾನು ನೋಡಿದ್ದೇನೆ. ಸಾಹುಕಾರ ಹಳೇ ಆನ್‌ಡಿಮಾಂಡ್ ನೋಟು ಹಿಡಕೊಂಡು ಬರುತ್ತಾನೆ, ಅಪ್ಪ ತಗೊಂಡ ಸಾಲ ಮಗ ತೀರಿಸು ಅಂತ. ಮೂರು ವರ್ಷ ದಾಟಿದ ನೋಟಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಆ ಮೂರು ವರ್ಷದ ಗೆರೆ ಇಲ್ಲದಿದ್ದರೆ ಅಜ್ಜನ ಸಾಲಕ್ಕೆ ಮೊಮ್ಮಗನನ್ನೂ ಜೀತಕ್ಕೆ ಎಳೆಯುತ್ತಿದ್ದರು. ಎಳೆದೂ ಇದ್ದರು. ಇನ್ನೊಂದು ಮಾತು ನಮ್ಮ ಗೆಳೆಯರಿಗೆ ಕಹಿಯಾಗಬಹುದು. ಪಿಟಿಸಿಎಲ್ ಕೇಸಿನಲ್ಲಿ ಎದುರಿಗೆ ನಿಲ್ಲುವವನು ಪ್ರತಿಸಲವೂ ಜಮೀನ್ದಾರನಲ್ಲ. ಮೂರನೇ ಕೈಯಿಂದ, ಹೆಂಡತಿ ತಾಳಿ ಅಡವಿಟ್ಟು ಅರ್ಧ ಎಕರೆ ಕೊಂಡ ಕುರುಬನೋ ಬೆಸ್ತನೋ ಆಗಿರುತ್ತಾನೆ. ಬೆಂಗಳೂರು ಸುತ್ತಮುತ್ತ ಅರ್ಜಿ ಹಾಕಿಸುವವನೇ ಸೈಟಿನ ಬ್ರೋಕರು ಆಗಿರುವ ಕೇಸುಗಳೂ ಇವೆ. ಅಜ್ಜಿಯ ಹೆಬ್ಬೆಟ್ಟು ಅಲ್ಲೂ ಒತ್ತುತ್ತದೆ, ಲಾಭ ಅಲ್ಲೂ ಬೇರೆಯವರದು. ಆ ಬಡ ಕೊಂಡವನಿಗೆ ಪರಿಹಾರವನ್ನೋ ಬೇರೆ ಜಮೀನನ್ನೋ ಕೊಡಬೇಕಾದವರು ಯಾರು? ಷರತ್ತು ಹಾಕಿ, ಆ ಷರತ್ತು ಮುರಿಯುವಾಗ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸೀಲು ಒತ್ತಿ ಶುಲ್ಕ ವಸೂಲು ಮಾಡಿದ ಸರ್ಕಾರ. ಮಲಗಿದವರ ಪಟ್ಟಿ ಮಾಡೋದಾದರೆ ಮೊದಲ ಹೆಸರು ಅದರದು.

ಹಾಗಾಗಿ ನನ್ನ ತಕರಾರು ಕಾಲಮಿತಿ ಇರೋದಕ್ಕಲ್ಲ. ಕಾಲವನ್ನು ಯಾವಾಗಿನಿಂದ ಎಣಿಸುತ್ತೀರಿ ಅನ್ನೋದು ನನ್ನ ಪ್ರಶ್ನೆ. 1963ರ ಕಾಲಮಿತಿ ಕಾಯ್ದೆಯ 6ನೇ ಕಲಮು ಓದಿ. ದಾವೆ ಹಾಕಬೇಕಾದವನು ಅಪ್ರಾಪ್ತ ವಯಸ್ಸಿನವನಾಗಿದ್ದರೆ, ಬುದ್ಧಿಭ್ರಮಣೆಯಾಗಿದ್ದರೆ, ಆ ಅಡ್ಡಿ ಹೋಗುವ ತನಕ ಕಾಲ ಓಡೋದಿಲ್ಲ. 17ನೇ ಕಲಮು ಓದಿ. ಮೋಸ ನಡೆದಿದ್ದರೆ, ಅದು ಗೊತ್ತಾಗುವ ತನಕ ಕಾಲ ಓಡೋದಿಲ್ಲ. ಎಷ್ಟು ಮಾನವೀಯ! ಮಗು ಬೆಳೆಯಲಿ ಅಂತ ಕಾನೂನು ಕಾಯುತ್ತದೆ, ಹುಚ್ಚು ಬಿಡಲಿ ಅಂತ ಕಾಯುತ್ತದೆ. ಜೀತದಾಳಿಗಾಗಿ ಕಾಯುವ ಕಲಮು ಅದರಲ್ಲಿ ಇಲ್ಲ. ಜೀತ ರದ್ದತಿ ಕಾಯ್ದೆ ಬಂದದ್ದೇ 1976ರಲ್ಲಿ. ಕಾಯ್ದೆ ಬಂದ ಮಾರನೇ ದಿನ ಎಲ್ಲರ ಕಾಲಿನ ಹಗ್ಗ ಬಿಚ್ಚಲಿಲ್ಲ ಅನ್ನೋದೂ ಗೊತ್ತಿರೋದೇ. ಯಜಮಾನನ ಅಂಬಲಿ ಕುಡಿದು, ಯಜಮಾನನ ಕೊಟ್ಟಿಗೆಯಲ್ಲಿ ಮಲಗುವವನು ಯಜಮಾನನ ಮೇಲೆಯೇ ಅರ್ಜಿ ಬರೆಸೋಕೆ ತಾಲ್ಲೂಕು ಕಚೇರಿಗೆ ಹೋಗಬೇಕಿತ್ತೇ? ಅದೂ ಬಸ್ಸಿಗೆ ಅವನ ಹತ್ತಿರವೇ ಕಾಸು ಕೇಳಿಕೊಂಡು? ಮಗುವಿನ ಅಸಹಾಯಕತೆ ಕಾನೂನಿಗೆ ಕಾಣುತ್ತದೆ, ಹುಚ್ಚನದು ಕಾಣುತ್ತದೆ, ಭಯದಲ್ಲಿ ಬದುಕುವವನದು ಯಾಕೆ ಕಾಣೋದಿಲ್ಲ? ಕಾಲ ಎಣಿಸಬೇಕಾದ್ದು ಕ್ರಯಪತ್ರದ ತಾರೀಖಿನಿಂದಲ್ಲ. ಆ ಮನೆಯಲ್ಲಿ ಒಬ್ಬ ಹುಡುಗ ಭಯವಿಲ್ಲದೆ ಆ ಚೀಟಿಯನ್ನು ಗಟ್ಟಿಯಾಗಿ ಓದಿದ ದಿನದಿಂದ.

ಅವನು ತಡ ಮಾಡಿದ ಅನ್ನುವ ಕೋರ್ಟುಗಳ ಕಾಲದ ಲೆಕ್ಕವನ್ನೂ ಸ್ವಲ್ಪ ನೋಡೋಣ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದರು ಅನ್ನುತ್ತಾರೆ. ಆರು ವರ್ಷ ಅದೇ ಊರಲ್ಲಿ, ಅದೇ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡುಕೊಂಡು, ಅದೇ ಹೊಲಗಳಿಗೆ ಕೂಲಿಗೆ ಹೋಗಿ ಬದುಕಿದ ಸಾಕ್ಷಿ ಯಾವ ಕಡೆ ತಿರುಗಬೇಕಿತ್ತು? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ಕೇರಿಗೆ ಬೆಂಕಿ ಇಟ್ಟದ್ದಕ್ಕೆ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪೇಪರಿನಲ್ಲಿ ದೊಡ್ಡ ಸುದ್ದಿ, ನಾವೂ ಸಿಹಿ ಹಂಚಿದೆವು. ಶಿಕ್ಷೆಯ ತಾರೀಖು 2024ರ ಅಕ್ಟೋಬರ್. ಹತ್ತು ವರ್ಷ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ, ಆರೋಪಪಟ್ಟಿ ಬಂದ ಎರಡು ತಿಂಗಳೊಳಗೆ ಸಾಧ್ಯವಾದಷ್ಟೂ ವಿಚಾರಣೆ ಮುಗಿಸಿ ಅನ್ನುತ್ತದೆ. ನಮ್ಮ ತಡಕ್ಕೆ ಹೆಸರು ವಿಳಂಬ. ಅವರ ತಡಕ್ಕೆ ಹೆಸರು ವಾಯಿದೆ. ವಿಳಂಬಕ್ಕೆ ಶಿಕ್ಷೆ ಇದೆ. ವಾಯಿದೆಗೆ ಮುಂದಿನ ತಾರೀಖು ಮಾತ್ರ ಇದೆ.

ಇನ್ನು ಸಿವಿಲ್ ದಾವೆಯಲ್ಲಿ ಪಾರ್ಟಿ ಸತ್ತುಹೋದರೆ 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು, ಇಲ್ಲದಿದ್ದರೆ ದಾವೆಯೂ ಬಿದ್ದುಹೋಗುತ್ತದೆ. ಕಾದು ಕಾದು ಸತ್ತವನ ಮನೆಯವರು ತಿಥಿ ಮುಗಿಸಿ ಮೊದಲು ಓಡಿಬರಬೇಕಾದ್ದು ನಮ್ಮ ಆಫೀಸಿಗೆ.

ತಡವಾದ ಅಪೀಲಿನ ಜೊತೆ 'ವಿಳಂಬ ಮನ್ನಾ' ಅಂತ ಒಂದು ಅರ್ಜಿ ಹಾಕುತ್ತೇವೆ. ಮನ್ನಾ ಅನ್ನೋ ಪದ ನೋಡಿ, ತಪ್ಪಿತಸ್ಥನ ಪದ. ದಿನ ದಿನದ ತಡಕ್ಕೂ ಕಾರಣ ಕೊಡು ಅಂತ ಪೀಡಿಸಬೇಡಿ, ವಿವೇಚನೆಯಿಂದ ನೋಡಿ ಅಂತ ಸುಪ್ರೀಂ ಕೋರ್ಟೇ 1987ರಲ್ಲಿ ಕಾಟಿಜಿ ಪ್ರಕರಣದಲ್ಲಿ ಹೇಳಿದೆ. ಆ ಕೇಸಿನಲ್ಲಿ ತಡ ಮಾಡಿ ಬಂದಿದ್ದವರು ಯಾರು ಗೊತ್ತೇ? ಸರ್ಕಾರ. ನಾಲ್ಕು ದಿನದ ತಡ. ನಮ್ಮ ಕಡೆ ಈ ಅರ್ಜಿಯ ಪ್ರಮಾಣಪತ್ರಕ್ಕೆ ಒಂದು ಸಿದ್ಧ ಮಾದರಿ ಇದೆ. 'ನನಗೆ ಕಾಮಾಲೆ ಆಗಿದ್ದ ಕಾರಣ' ಅಂತ ಶುರುವಾಗುತ್ತದೆ. ಜಿಲ್ಲೆಯಲ್ಲಿ ಅರ್ಧ ಕಕ್ಷಿದಾರರಿಗೆ ಪ್ರತಿವರ್ಷ ಕಾಮಾಲೆ. ಡಾಕ್ಟರ ಚೀಟಿಯೂ ಸಿಗುತ್ತದೆ, ಕೋರ್ಟೂ ಒಪ್ಪುತ್ತದೆ.

ಅಜ್ಜಿಯ ಅರ್ಜಿ ಬಿದ್ದುಹೋಯಿತು. ಜಿಲ್ಲಾಧಿಕಾರಿಗೆ ಅಪೀಲು ಹೋಗಬೇಕು. ಅದಕ್ಕೆ ಪ್ರಮಾಣಪತ್ರ ಬರೆಯುವಾಗ ನಾನು ಕಾಮಾಲೆ ಬರೆಯಲಿಲ್ಲ. 'ನನ್ನ ಗಂಡ ಎದುರುದಾರರ ತಂದೆಯ ಮನೆಯಲ್ಲಿ ಜೀತಕ್ಕಿದ್ದ ಕಾರಣ' ಅಂತ ಬರೆದೆ. ಹಿರಿಯರು ಓದಿ, "ಕೋರ್ಟಿಗೆ ಇದು ಕಾರಣ ಅಲ್ಲ ಕಣಯ್ಯಾ, ಕತೆ. ಹೊಡೆದು ಹಾಕು" ಅಂತ ಕೆಂಪು ಪೆನ್ನು ಕೊಟ್ಟರು. ಪೆನ್ನು ಜೇಬಿಗೆ ಹಾಕಿಕೊಂಡೆ. ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ಇನ್ನೊಂದು ಸಲ ಓದು ಮಗಾ ಅಂತು. ಓದಿದೆ. ಆಮೇಲೆ ಹೆಬ್ಬೆಟ್ಟು ಒತ್ತಿತು.