ಜಠರಾಗ್ನಿಗೆ ಮಿತವಾದ ಆಹುತಿ



ಕಳೆದ ತಿಂಗಳು ದ್ವಾದಶಿಯ ಪಾರಣೆ ಮುಗಿದ ಬಳಿಕ, ನಮ್ಮ ಶಾಖೆಗೆ ತಪ್ಪದೆ ಬರುವ ಗೃಹಸ್ಥರೊಬ್ಬರು ನಮ್ಮನ್ನು ಏಕಾಂತದಲ್ಲಿ ಕಂಡರು. ವಯಸ್ಸು ನಲವತ್ತೈದರ ಆಸುಪಾಸು. ಕಚೇರಿಯವರು ಮಾಡಿಸಿದ ಆರೋಗ್ಯ ತಪಾಸಣೆಯಲ್ಲಿ ಹೊಟ್ಟೆಯ ಸ್ಕ್ಯಾನ್ ತೆಗೆದ ವೈದ್ಯರು, ಯಕೃತ್ತಿನಲ್ಲಿ ಕೊಬ್ಬು ತುಂಬಿದೆ, ಇದು ಫ್ಯಾಟಿ ಲಿವರ್ ಎಂದು ಹೇಳಿದ್ದರಂತೆ. ಅವರನ್ನು ರೋಗಕ್ಕಿಂತ ಹೆಚ್ಚಾಗಿ ಕಾಡಿದ್ದು ನಾಚಿಕೆ. "ಲಿವರ್ ಕೆಟ್ಟಿದೆ ಎಂದರೆ ಊರಿನಲ್ಲಿರುವ ಅಮ್ಮ ಏನೆಂದುಕೊಂಡಾರು? ನಾನು ಮದ್ಯ ಮುಟ್ಟಿದವನಲ್ಲ, ಈರುಳ್ಳಿಯನ್ನೂ ಮನೆಯೊಳಗೆ ತಂದವನಲ್ಲ. ಸಂಧ್ಯಾವಂದನೆ ಬಿಟ್ಟಿಲ್ಲ. ನನಗೇಕೆ ಇದು ಬಂತು, ಆಚಾರ್ರೇ?" ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತು ಮೆಲುದನಿಯಲ್ಲಿ ಕೇಳಿಬರುತ್ತಿದೆ. ಆದ್ದರಿಂದ ಈ ಸಂಚಿಕೆಯಲ್ಲಿ ಇದನ್ನೇ ವಿಚಾರ ಮಾಡೋಣ.

ಮದ್ಯವು ಯಕೃತ್ತನ್ನು ಕೆಡಿಸುವುದು ನಿಜ. ಆದರೆ ಮದ್ಯವೊಂದೇ ಕಾರಣವಲ್ಲ. ನಾವು ಉಂಡ ಅನ್ನ, ಹಿಟ್ಟು, ಸಕ್ಕರೆಗಳು ದೇಹದ ಖರ್ಚನ್ನು ಮೀರಿದಾಗ, ಆ ಹೆಚ್ಚಳವನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದು ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದೆ ಹೋದರೆ, ಕೊಬ್ಬು ಅಲ್ಲಿಯೇ ಶೇಖರವಾಗುತ್ತ ಹೋಗುತ್ತದೆ. ಯಕೃತ್ತಿನಲ್ಲಿ ಅದು ಶೇಕಡಾ 5ನ್ನು ಮೀರಿದರೆ ವೈದ್ಯರು ಈ ಹೆಸರನ್ನು ಹೇಳುತ್ತಾರೆ. ಬಹುಮಂದಿಗೆ ನೋವಿಲ್ಲ, ಜ್ವರವಿಲ್ಲ. ಎಲ್ಲರಲ್ಲಿಯೂ ಇದು ಉಲ್ಬಣಿಸುವುದಿಲ್ಲ. ಆದರೆ ಕೆಲವರಲ್ಲಿ ಉರಿಯೂತವಾಗಿ, ಯಕೃತ್ತು ಗಟ್ಟಿಯಾಗಿ, ಕಡೆಗೆ ಸಿರೋಸಿಸ್‌ಗೆ ತಿರುಗುತ್ತದೆ. ಮಧುಮೇಹ, ಹೃದ್ರೋಗಗಳಿಗೂ ಇದಕ್ಕೂ ಹತ್ತಿರದ ನಂಟು. ಅವುಗಳಿಗಾಗಿ ಇರುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೇಂದ್ರ ಸರ್ಕಾರವು 2021ರಲ್ಲಿ ಇದನ್ನೂ ಸೇರಿಸಿತು. ನಮ್ಮ ದೇಶದವರಲ್ಲಿ ಒಟ್ಟು ತೂಕ ಅಷ್ಟೇನೂ ಹೆಚ್ಚಿರದಿದ್ದರೂ ಇದು ಬರಬಹುದು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಗೊಳ್ಳುವುದು ಲೇಸು.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಭಗವಂತನು ವೈಶ್ವಾನರಾಗ್ನಿಯಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ಬಗೆಯ ಅನ್ನವನ್ನು ಪಚನ ಮಾಡುತ್ತಾನೆಂದು ಗೀತೆಯ ಹದಿನೈದನೆಯ ಅಧ್ಯಾಯವು ತಿಳಿಸುತ್ತದೆ. ಹಾಗಾದರೆ ನಮ್ಮ ಭೋಜನವೂ ಒಂದು ಹೋಮವೇ. ಪರಿಷೇಚನ ಮಾಡಿ, ಆಪೋಶನ ತೆಗೆದುಕೊಂಡು, ಪ್ರಾಣಾಹುತಿಗಳನ್ನು ಅರ್ಪಿಸುವುದು ಈ ಅನುಸಂಧಾನಕ್ಕಾಗಿಯೇ. ಹೋಮ ಮಾಡಿ ಬಲ್ಲವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಕುಂಡದಲ್ಲಿ ಸಮಿಧೆಯನ್ನೂ ಚರುವನ್ನೂ ಒಮ್ಮೆಲೇ ಸುರಿದರೆ ಜ್ವಾಲೆ ಅಡಗಿ ಹೊಗೆ ಏಳುತ್ತದೆ. ದ್ರವ್ಯ ಶುದ್ಧವಾಗಿದ್ದರೆ ಸಾಲದು, ಅಳತೆಯೂ ಸರಿಯಿರಬೇಕು. ಅತಿಯಾಗಿ ತಿನ್ನುವವನಿಗೂ ಏನನ್ನೂ ತಿನ್ನದವನಿಗೂ ಯೋಗವು ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯವು ಎಚ್ಚರಿಸುವುದು ಇದನ್ನೇ. ನಾವು ಏನನ್ನು ತಿನ್ನಬಾರದೆಂಬ ಅರ್ಧವನ್ನು ಹಿಡಿದುಕೊಂಡೆವು. ಎಷ್ಟು ತಿನ್ನಬೇಕೆಂಬ ಉಳಿದರ್ಧವನ್ನು ಕೈಬಿಟ್ಟೆವು.

ನಗರದ ದಿನಚರಿಯನ್ನು ನೋಡಿ. ಬೆಳಗ್ಗೆ ಅವಸರದಲ್ಲಿ ಲೋಕಲ್ ರೈಲು ಹಿಡಿಯುವುದು, ಹನ್ನೊಂದಕ್ಕೆ ಸಕ್ಕರೆಯ ಚಹಾ, ಬಿಸ್ಕತ್ತು, ಸಂಜೆ ಫರಸಾಣ, ಬಾಯಾರಿದರೆ ಬಾಟಲಿಯ ಸಿಹಿ ಪಾನೀಯ. ರಾತ್ರಿ ಹತ್ತಕ್ಕೆ ದಿನದ ದೊಡ್ಡ ಊಟ, ಹತ್ತೂವರೆಗೆ ಹಾಸಿಗೆ. ನಮ್ಮ ಅಜ್ಜಂದಿರೂ ಅನ್ನವನ್ನು ರಾಶಿಯಾಗಿಯೇ ಉಂಡರು. ಆದರೆ ಅವರು ನದಿಗೆ ನಡೆದು ಮಿಂದರು, ಬಾವಿಯಿಂದ ಮಡಿನೀರು ಸೇದಿದರು, ಗದ್ದೆಗೆ ಹೋಗಿಬಂದರು. ನಮಗೆ ಅವರ ಎಲೆ ಉಳಿದಿದೆ, ಅವರ ನಡಿಗೆ ಉಳಿದಿಲ್ಲ.

ಏಕಾದಶಿಯ ಸ್ಥಿತಿಯೂ ಹೀಗೆಯೇ ಆಗಿದೆ. ದಶಮಿಯ ರಾತ್ರಿಯ ಊಟ, ಏಕಾದಶಿಯ ಎರಡು ಊಟ, ದ್ವಾದಶಿಯ ರಾತ್ರಿಯ ಊಟ, ಹೀಗೆ ನಾಲ್ಕನ್ನು ಬಿಡುವುದು ಹಿರಿಯರು ನಡೆಸಿಬಂದ ದಿನತ್ರಯ ವ್ರತ. ಶ್ರೀಮದಾಚಾರ್ಯರು ಶ್ರೀಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಮಹಿಮೆಯನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಆದರೆ ಇಂದು ಉಪವಾಸದ ಹೆಸರಿನಲ್ಲಿ ಶೇಂಗಾ, ತುಪ್ಪ ಬೆರೆತ ಸಾಬೂದಾಣಿ ಖಿಚಡಿ, ಕರಿದ ಆಲೂಗಡ್ಡೆ, ಪೇಡೆಗಳು ಸಾಲಾಗಿ ಬರುತ್ತವೆ. ಬಿಟ್ಟದ್ದಕ್ಕಿಂತ ತಿಂದದ್ದೇ ಹೆಚ್ಚು! ಏಕಾದಶಿಯನ್ನು ತೂಕ ಇಳಿಸುವುದಕ್ಕಾಗಿ ಮಾಡಿರೆಂದು ನಾವು ಹೇಳುತ್ತಿಲ್ಲ. ಅದು ಹರಿಪ್ರೀತಿಗಾಗಿ ಮಾಡುವ ವ್ರತ. ಆದರೆ ಅದು ಕಲಿಸುವ ನಿಗ್ರಹವು ಉಳಿದ ದಿನಗಳಿಗೂ ಹರಿದುಬರಬೇಕಲ್ಲವೇ?

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆರಾಧನೆಯ ಪಂಕ್ತಿಯಲ್ಲಿ "ಪ್ರಸಾದ, ಬೇಡವೆನ್ನಬಾರದು" ಎಂದು ಹಯಗ್ರೀವವನ್ನು ಮೂರನೆಯ ಸಲವೂ ಒತ್ತಾಯದಿಂದ ಬಡಿಸಿದವರು ನಾವೇ. ಎಲೆಯಲ್ಲಿ ಬಿಡಬಾರದೆಂಬ ಭಕ್ತಿಯಿಂದ ಅವರು ಕಷ್ಟಪಟ್ಟು ತಿಂದರು. ಒಂದು ಉದ್ಧರಣೆ ತೀರ್ಥದಲ್ಲಿ ಪೂರ್ಣ ಅನುಗ್ರಹವನ್ನು ಕಾಣುವ ನಾವು, ಪ್ರಸಾದದ ಅನುಗ್ರಹವನ್ನು ಮಾತ್ರ ಸೌಟಿನಿಂದ ಅಳೆಯುವುದು ಸರಿಯೇ? ಇನ್ನು ಮುಂದೆ ನಮ್ಮ ಪಂಕ್ತಿಯಲ್ಲಿ ಕೋಸಂಬರಿ, ಪಲ್ಯಗಳನ್ನು ಧಾರಾಳವಾಗಿಯೂ, ಭಕ್ಷ್ಯವನ್ನು ಒಂದೇ ಸಲವೂ ಬಡಿಸಲು ನಿಶ್ಚಯಿಸಿದ್ದೇವೆ. ಕೇಳಿದವರಿಗೆ ಮಾತ್ರ ಎರಡನೆಯ ಸಲ.

ಮನೆಯಲ್ಲಿಯೂ ಇಷ್ಟನ್ನು ಮಾಡಬಹುದು. ಸಿಹಿ ಪಾನೀಯಗಳನ್ನು ಪೂರ್ತಿ ಬಿಡಿ, ಕಾಫಿ ಚಹಾಗಳ ಸಕ್ಕರೆಯನ್ನು ಇಳಿಸಿ. ಮೈದಾ, ಕರಿದ ಪದಾರ್ಥಗಳು ಹಬ್ಬಕ್ಕಷ್ಟೇ ಇರಲಿ. ಅನ್ನವನ್ನು ಒಂದು ಸೌಟು ತಗ್ಗಿಸಿ, ಆ ಜಾಗದಲ್ಲಿ ಸೊಪ್ಪು, ತರಕಾರಿ, ಬೇಳೆಗಳನ್ನು ತುಂಬಿಸಿ. ರಾತ್ರಿಯ ಊಟ ಹಗುರವಾಗಿರಲಿ, ಬೇಗ ಮುಗಿಯಲಿ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸ್ಥೂಲಕಾಯದವರು ಶೇಕಡಾ 7ರಿಂದ 10ರಷ್ಟು ತೂಕವನ್ನು ನಿಧಾನವಾಗಿ ಇಳಿಸಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ. 80 ಕಿಲೋ ಇರುವವರಿಗೆ ಅದು ಆರರಿಂದ ಎಂಟು ಕಿಲೋ ಮಾತ್ರ.

ಮಧುಮೇಹಕ್ಕೆ ಔಷಧವನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರಾಹಾರಕ್ಕೆ ತೊಡಗಬಾರದು. ರಕ್ತದ ಸಕ್ಕರೆ ಕುಸಿದು ಪ್ರಾಣಾಪಾಯವಾದೀತು. ರೋಗಿಗಳಿಗೆ, ವೃದ್ಧರಿಗೆ, ಮಕ್ಕಳಿಗೆ ಶಾಸ್ತ್ರವೇ ರಿಯಾಯಿತಿ ಕೊಟ್ಟಿದೆ. ಅದನ್ನು ಸ್ವೀಕರಿಸುವುದು ದೋಷವಲ್ಲ.

ಆ ಗೃಹಸ್ಥರಿಗೆ ನಾವು ಹೇಳಿದ್ದಿಷ್ಟು: "ನಿಮ್ಮ ಆಚಾರ ಸುಳ್ಳಾಗಿಲ್ಲ, ಪೂರ್ತಿಯಾಗಿಲ್ಲ ಅಷ್ಟೆ. ತಾಯಿಯವರಿಗೆ ನಿಜವನ್ನೇ ತಿಳಿಸಿ, ನಾಚುವಂಥದ್ದೇನೂ ಇಲ್ಲ." ಅವರು ಅಂದೇ ಊರಿಗೆ ಫೋನ್ ಮಾಡಿದರಂತೆ. ತಾಯಿಯವರು ಎಲ್ಲವನ್ನೂ ಕೇಳಿ, "ರಾತ್ರಿ ಹತ್ತಕ್ಕೆ ಉಣ್ಣಬೇಡವೆಂದು ನಾನು ಎಷ್ಟು ಸಲ ಹೇಳಲಿಲ್ಲ?" ಎಂದರಂತೆ.

ಈ ದೇಹವು ಹರಿಸೇವೆಗಾಗಿ ದೊರೆತ ಸಾಧನ. ಅದರೊಳಗೆ ನೆಲೆಸಿರುವ ವೈಶ್ವಾನರನಿಗೆ ಹಿತಮಿತವಾದ ಆಹುತಿಯನ್ನು ಅರ್ಪಿಸುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.