ರಿಯಾನನ್‌ಳ ಬೆನ್ನು

ಇಳಿಸಿದ ಕೈಯೇ ಉಳಿಸಿದ್ದರೆ ಅದಕ್ಕೆ ಕೈಮುಗೀಬೇಕಾ?

ವೇಲ್ಸ್ ನಾಡಿನ 'ಮಾಬಿನೋಗಿ' ಕತೆಗಳ ರಿಯಾನನ್‌ಳನ್ನು ನೋಡಿ. ಅವಳ ಹೆಸರಿನ ಬೇರು 'ಮಹಾರಾಣಿ', ಚರ್ಚು ಬರೋ ಮುಂಚಿನ ಕುದುರೆದೇವತೆಯ ನೆರಳು ಅವಳಲ್ಲಿದೆ ಅಂತಾರೆ ಪಂಡಿತರು. 1350ರ ಸುಮಾರಿನ ಕ್ರೈಸ್ತ ಹಸ್ತಪ್ರತಿಯಲ್ಲಿ ಅವಳು ಬರೀ ರಾಜನ ಹೆಂಡತಿ. ಹೆತ್ತ ಕೂಸು ಕಾಣೆಯಾಯ್ತು. ನಿದ್ದೆಹೋಗಿದ್ದ ಕಾವಲು ಹೆಂಗಸರು ನಾಯಿಮರಿಗಳ ರಕ್ತವನ್ನು ಅವಳ ಮುಖಕ್ಕೆ ಬಳಿದು, ಇವಳೇ ಕೊಂದಳು ಅಂದರು. ಶಿಕ್ಷೆ? ಏಳು ವರ್ಷ ಕೋಟೆಬಾಗಿಲ ಆಚೆ, ಕುದುರೆ ಹತ್ತೋ ಕಲ್ಲಿನ ಹತ್ತಿರ ಕೂತು, ಮಾಡದ ಪಾಪ ಹೇಳ್ಕೊಂಡು, ಬಂದವರನ್ನು ಬೆನ್ನ ಮೇಲೆ ಹೊರ್ತೀನಿ ಅನ್ನಬೇಕು. ಕುದುರೆದೇವತೆಯೇ ಕುದುರೆ! ಈ ಶಿಕ್ಷೆಗೆ ಕತೆ ಕೊಡೋ ಹೆಸರು 'ಪೆನಿಡ್'. ಚರ್ಚಿನ ಲ್ಯಾಟಿನ್ನಿಂದ ಬಂದ ಪದ.

ಬರೆಯದಿದ್ದರೆ ಅವಳ ಹೆಸರೂ ಉಳೀತಿರಲಿಲ್ಲ, ನಿಜ. ಆದರೂ ನನ್ನ ಕೈ ಮೇಲೇಳಲ್ಲ. ಒಂದು ಮಾತಿಗೆ ಮಾತ್ರ ಆ ಲಿಪಿಕಾರನನ್ನು ನೆನೀತೀನಿ: ಅವಳ ಬೆನ್ನೇರಲು ಒಪ್ಪಿದವರು ಅಪರೂಪ ಅನ್ನೋದನ್ನ ಅವನು ಬಿಡದೆ ಬರೆದಿದ್ದಾನೆ.